ಮೀಡ್ ರುಚಿ ನೋಡುವುದು ಹೇಗೆ: ಪೋಲೆಂಡಿನ ನಾಲ್ಕು ಬಗೆ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಪೋಲೆಂಡಿನ ಕ್ರಾಕೋವ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನಾಲ್ಕು ಬಾಟಲಿ ಮೀಡ್, ಅಂದರೆ ಜೇನಿನಿಂದ ಮಾಡುವ ಮದ್ಯ, ತಂದಿದ್ದೆ. ದುಬಾರಿಯದ್ದೇ ಚೆನ್ನಾಗಿರುತ್ತೆ ಅಂದುಕೊಂಡು ಅದನ್ನೇ ಮೊದಲು ತೆರೆದೆ. ಗುಲಾಬ್ ಜಾಮೂನಿನ ಪಾಕದಷ್ಟು ದಪ್ಪ, ಬಾಯಿ ತುಂಬ ಜೇನು, ಆಹಾ ಅನಿಸಿತು. ಎರಡನೇದು ಪರವಾಗಿಲ್ಲ. ಮೂರನೇದು ಸಪ್ಪೆ. ನಾಲ್ಕನೇದು ಬರೀ ಹುಳಿ ನೀರು. ಕೆಟ್ಟು ಹೋಗಿದೆ ಅಂತ ಅರ್ಧ ಬಾಟಲಿ ಸಿಂಕಿಗೆ ಸುರಿದೆ.

ಅದು ಕೆಟ್ಟಿರಲಿಲ್ಲ. ಜಿಲೇಬಿ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನಿಸುತ್ತಲ್ಲ, ಅದೇ ಕಥೆ. ಎಲ್ಲಕ್ಕಿಂತ ಸಿಹಿಯಾದದ್ದನ್ನು ಮೊದಲು ಕುಡಿದು ನಾಲಿಗೆಯನ್ನು ನಾನೇ ಹಾಳು ಮಾಡಿಕೊಂಡಿದ್ದೆ. ಆಮೇಲೆ ಅದೇ ಮೀಡನ್ನು ಮತ್ತೆ ತಂದು ಮೊದಲು ಕುಡಿದಾಗ ಹೂವಿನ ವಾಸನೆ ಬಂತು, ಹಿಂದೆ ಸಣ್ಣ ಕಹಿ ಬಂತು. ಸುರಿದದ್ದಕ್ಕೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ಈ ಬರಹ. ಮೀಡ್ ರುಚಿ ನೋಡುವುದರಲ್ಲಿ ದೊಡ್ಡ ಶತ್ರು ಸಿಹಿ. ಅದರ ಹಿಂದೆ ಏನಿದೆ ಅಂತ ನೋಡಲು ಕಲಿತರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು, ಇದೇನು?

ಜೇನಿಗೆ ನೀರು ಸೇರಿಸಿ, ಯೀಸ್ಟ್ ಹಾಕಿ, ಹುದುಗು ಬರಿಸಿದರೆ ಮೀಡ್. ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬುವುದಕ್ಕೂ ಇದಕ್ಕೂ ದೂರದ ನೆಂಟಸ್ತನ. ಇಲ್ಲಿ ಯೀಸ್ಟ್ ಜೇನಿನ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ವೋಡ್ಕಾಗೆ ಜೇನು ಬೆರೆಸಿದರೆ ಅದು ಮೀಡ್ ಅಲ್ಲ. ಪೋಲೆಂಡಿನಲ್ಲಿ ಅಂಥದ್ದಕ್ಕೆ ಕ್ರುಪ್ನಿಕ್ ಅಂತಾರೆ. ತಮಾಷೆ ಅಂದರೆ ಬಾರ್ಲಿ ಸೂಪಿಗೂ ಇಲ್ಲಿ ಅದೇ ಹೆಸರು, ಹೋಟೆಲಲ್ಲಿ ಹುಷಾರು.

ಪೋಲಿಷ್‌ನಲ್ಲಿ ಮೀಡಿಗೆ ಮ್ಯುತ್ ಪಿತ್ನಿ ಅನ್ನುತ್ತಾರೆ, ಅಂದರೆ ಕುಡಿಯುವ ಜೇನು. ಆ ಮ್ಯುತ್, ಇಂಗ್ಲಿಷಿನ ಮೀಡ್, ನಮ್ಮ ಸಂಸ್ಕೃತದ ಮಧು ಎಲ್ಲವೂ ಒಂದೇ ಬೇರಿನ ಪದಗಳು. ಜೇನು ಮಾತ್ರ ನಮ್ಮದೇ, ತಮಿಳಿನ ತೇನ್ ಅದರ ತಂಗಿ.

ಪೋಲೆಂಡನ್ನೇ ಯಾಕೆ ಆರಿಸಿದೆ ಅಂದರೆ, ಇಲ್ಲಿಯ ವಿಂಗಡಣೆ ಹೊಸಬರಿಗೆ ಬಹಳ ಸುಲಭ. ಜೇನು ಎಷ್ಟು, ನೀರು ಎಷ್ಟು, ಅಷ್ಟೇ ಲೆಕ್ಕ. ಎರಡೂ ಸೇರಿ ಎಷ್ಟು ಪಾಲಾಗುತ್ತದೋ ಅದೇ ಹೆಸರು:

ಪುವ್ತೊರಾಕ್, ಅಂದರೆ ಒಂದೂವರೆ. ಒಂದು ಪಾಲು ಜೇನಿಗೆ ಅರ್ಧ ಪಾಲು ನೀರು.
ದ್ವುಯ್ನ್ಯಾಕ್, ಎರಡು. ಒಂದಕ್ಕೆ ಒಂದು.
ತ್ರುಯ್ನ್ಯಾಕ್, ಮೂರು. ಒಂದಕ್ಕೆ ಎರಡು.
ಚ್ವುರ್ನ್ಯಾಕ್, ನಾಲ್ಕು. ಒಂದಕ್ಕೆ ಮೂರು.

ಹೆಸರಿನ ಸಂಖ್ಯೆ ದೊಡ್ಡದಾದಷ್ಟೂ ಮೀಡ್ ತೆಳು. ಚ್ವುರ್ನ್ಯಾಕ್‌ನಲ್ಲಿ ಆಲ್ಕೋಹಾಲ್ 9ರಿಂದ 12 ಶೇಕಡ, ತ್ರುಯ್ನ್ಯಾಕ್‌ನಲ್ಲಿ 12ರಿಂದ 15, ಮೇಲಿನ ಎರಡರಲ್ಲಿ 15ರಿಂದ 18. ಅದಕ್ಕಿಂತ ಮೇಲೆ ಹೋಗುವುದು ಯೀಸ್ಟಿಗೂ ಕಷ್ಟ, ತಾನು ಮಾಡಿದ ಆಲ್ಕೋಹಾಲಿನಲ್ಲೇ ಸುಸ್ತಾಗಿ ನಿಲ್ಲುತ್ತದೆ. ಆಗ ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಪುವ್ತೊರಾಕ್ ಪಾಕದಂತಿರುವುದು ಅದಕ್ಕೇ. ಹಳೆಯಾಗಲು ಬಿಡುವ ಕಾಲವೂ ಬೇರೆ ಬೇರೆ: ಚ್ವುರ್ನ್ಯಾಕ್‌ಗೆ ಕನಿಷ್ಠ 9 ತಿಂಗಳು, ತ್ರುಯ್ನ್ಯಾಕ್‌ಗೆ 1 ವರ್ಷ, ದ್ವುಯ್ನ್ಯಾಕ್‌ಗೆ 2, ಪುವ್ತೊರಾಕ್‌ಗೆ 3. ಈ ನಾಲ್ಕೂ ಹೆಸರುಗಳಿಗೆ 2008ರಲ್ಲಿ ಯುರೋಪಿಯನ್ ಒಕ್ಕೂಟ ಸಾಂಪ್ರದಾಯಿಕ ಉತ್ಪನ್ನದ ರಕ್ಷಣೆ ಕೊಟ್ಟಿತು. ಹಾಗಾಗಿ ಬಾಟಲಿ ಮೇಲೆ ತ್ರುಯ್ನ್ಯಾಕ್ ಅಂತ ಇದ್ದರೆ ಆ ಲೆಕ್ಕ ನಂಬಬಹುದು.

ಹೆಜ್ಜೆ 1: ಒಂದೇ ಪ್ರಶ್ನೆ ಹಿಡಿಯಿರಿ

ಎಲ್ಲರೂ ತಪ್ಪುವುದು ಇಲ್ಲೇ. ಅಂಗಡಿಗೆ ಹೋಗಿ ಚೆರ್ರಿ ಹಾಕಿದ್ದೊಂದು, ಮಸಾಲೆ ಹಾಕಿದ್ದೊಂದು, ಹಳೆಯದೊಂದು, ಡಬ್ಬಿಯಲ್ಲಿ ಬರುವ ಗ್ಯಾಸ್ ತುಂಬಿದ್ದೊಂದು ತಂದು ಪಕ್ಕ ಪಕ್ಕ ಇಡುತ್ತಾರೆ. ಅದು ಹಬ್ಬದೂಟ ಆದೀತು, ಹೋಲಿಕೆ ಆಗುವುದಿಲ್ಲ. ಹಲಸನ್ನೂ ಮಾವನ್ನೂ ಇಟ್ಟುಕೊಂಡು ಯಾವುದು ಮೇಲು ಅಂದ ಹಾಗೆ. ಒಂದು ಸಂಗತಿ ಮಾತ್ರ ಬದಲಾಗಲಿ, ಉಳಿದದ್ದೆಲ್ಲ ಆದಷ್ಟು ಒಂದೇ ಇರಲಿ.

ನಾನು ಮೂರು ಸಂಜೆ ಮಾಡಿಸುತ್ತೇನೆ.

ಮೊದಲ ಸಂಜೆ, ಪಾಲಿನ ಸಂಜೆ. ಚ್ವುರ್ನ್ಯಾಕ್‌ನಿಂದ ಪುವ್ತೊರಾಕ್‌ವರೆಗೆ ನಾಲ್ಕೂ, ಸಾಧ್ಯವಾದರೆ ಒಬ್ಬರೇ ತಯಾರಕರದ್ದು. ಹಣ್ಣು, ಮಸಾಲೆ ಇಲ್ಲದ್ದು.

ಎರಡನೇ ಸಂಜೆ, ಜೇನಿನ ಸಂಜೆ. ಎಲ್ಲವೂ ತ್ರುಯ್ನ್ಯಾಕ್, ಜೇನು ಮಾತ್ರ ಬೇರೆ ಬೇರೆ. ನನಗೆ ಬಹಳ ಇಷ್ಟವಾದದ್ದು ಇದೇ.

ಮೂರನೇ ಸಂಜೆ ಹಣ್ಣು, ಮಸಾಲೆ, ಹೊರದೇಶದ್ದು. ಇದನ್ನು ಕೊನೆಗೆ ಇಡಿ. ಸಾದಾ ಮೀಡ್ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಲವಂಗ ಹಾಕಿದ್ದನ್ನು ಕುಡಿದರೆ ಲವಂಗ ಬಿಟ್ಟು ಬೇರೇನೂ ಗೊತ್ತಾಗದು.

ಹೆಜ್ಜೆ 2: ಬಾಟಲಿ ಓದುವುದು

ಪೋಲೆಂಡಿನ ಬಾಟಲಿಯಲ್ಲಿ ನಾಲ್ಕು ಹೆಸರುಗಳ ಜೊತೆ ಇನ್ನೂ ಕೆಲವು ಪದ ಹುಡುಕಿ. ಸಿತ್ಸೋನಿ ಅಂದರೆ ಹುದುಗು ಬರಿಸುವ ಮೊದಲು ಜೇನುನೀರನ್ನು ಕುದಿಸಿದ್ದಾರೆ. ನ್ಯೆಸಿತ್ಸೋನಿ ಅಂದರೆ ಕುದಿಸಿಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ. ಕುದಿಸಿದರೆ ಹೂವಿನ ಘಮ ಹಬೆಯ ಜೊತೆ ಹೋಗುತ್ತದೆ, ಬದಲಿಗೆ ಬೇಯಿಸಿದ ಬೆಲ್ಲದಂಥ ಪರಿಮಳ ಬರುತ್ತದೆ. ಕುದಿಸದಿದ್ದರೆ ಹೂವು ಉಳಿಯುತ್ತದೆ. ಒವೊತ್ಸೋವಿ ಅಂದರೆ ಹಣ್ಣಿನದ್ದು, ಕೊಜೆನ್ನಿ ಅಂದರೆ ಮಸಾಲೆಯದ್ದು.

ಹೂವಿನ ಹೆಸರುಗಳು: ಲಿಪೋವಿ ಲಿಂಡನ್ ಮರದ್ದು, ಗ್ರಿಚಾನಿ ಬಕ್‌ವೀಟಿನದ್ದು (ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಹಿಟ್ಟಿನ ಗಿಡ), ವ್ಜೊಸೋವಿ ಹೆದರ್ ಎಂಬ ನೇರಳೆ ಹೂವಿನ ಕುರುಚಲು ಗಿಡದ್ದು. ಇಲ್ಲಿ ಜುಲೈ ತಿಂಗಳಿಗೆ ಲಿಂಡನ್ ಹೆಸರು, ಸೆಪ್ಟೆಂಬರಿಗೆ ಹೆದರ್ ಹೆಸರು. ಹೂ ಬಿಡುವ ಕಾಲವೇ ತಿಂಗಳ ಹೆಸರಾದ ಊರಿನಲ್ಲಿ ಜೇನಿಗೆ ಎಷ್ಟು ಮರ್ಯಾದೆ ಇರಬಹುದು ಯೋಚಿಸಿ.

ಊರಿನಲ್ಲಿರುವವರಿಗೆ: ಪುಣೆಯ ಮೂನ್‌ಶೈನ್, ನಾಸಿಕ್‌ನ ಸೆರಾನಾ ಮೀಡ್ ಮಾಡುವ ಕಂಪನಿಗಳು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಹಗುರ, ನೊರೆ ಬರುವಂಥದ್ದು, ತಣ್ಣಗೆ ಕುಡಿಯುವಂಥದ್ದು. ಅವನ್ನು ಪೋಲೆಂಡಿನ ದ್ವುಯ್ನ್ಯಾಕ್ ಪಕ್ಕ ಇಡಬೇಡಿ, ಇಬ್ಬರಿಗೂ ಅನ್ಯಾಯ. ಅವೆರಡನ್ನೇ ಒಂದಕ್ಕೊಂದು ಹೋಲಿಸಿ.

ಹೆಜ್ಜೆ 3: ಸಕ್ಕರೆ ನೀರಿನ ಪಾಠ

ಇದಕ್ಕೆ ಮೀಡ್ ಬೇಡ. ಅಡುಗೆಮನೆಯ ತಕ್ಕಡಿ, ನಾಲ್ಕು ಲೋಟ, ಸಕ್ಕರೆ, ಎರಡು ನಿಂಬೆಹಣ್ಣು ಸಾಕು. ದಯವಿಟ್ಟು ಹಾರಿಸಬೇಡಿ. ನಗುತ್ತಾ ಶುರು ಮಾಡಿದವರೆಲ್ಲ ಕೊನೆಗೆ ಇದೇ ಬಹಳ ಉಪಯೋಗವಾಯಿತು ಅಂದಿದ್ದಾರೆ.

ನಾಲ್ಕು ಲೋಟಗಳಿಗೆ 15, 25, 50, 80 ಗ್ರಾಂ ಸಕ್ಕರೆ ಹಾಕಿ. ಪ್ರತಿಯೊಂದೂ 250 ಮಿಲಿ ಆಗುವಷ್ಟು ನೀರು ಹಾಕಿ ಕರಗಿಸಿ. ಅಂದರೆ ಲೀಟರಿಗೆ 60, 100, 200, 320 ಗ್ರಾಂ. ಚ್ವುರ್ನ್ಯಾಕ್‌ನಲ್ಲಿ ಉಳಿಯುವ ಸಕ್ಕರೆ ಲೀಟರಿಗೆ 35ರಿಂದ 90 ಗ್ರಾಂ, ತ್ರುಯ್ನ್ಯಾಕ್‌ನಲ್ಲಿ 65ರಿಂದ 120, ದ್ವುಯ್ನ್ಯಾಕ್‌ನಲ್ಲಿ 175ರಿಂದ 230, ಪುವ್ತೊರಾಕ್‌ನಲ್ಲಿ 300ಕ್ಕೂ ಜಾಸ್ತಿ. ನಿಮ್ಮ ಮುಂದೆ ಈಗ ನಾಲ್ಕು ಮೀಡುಗಳ ಸಿಹಿ ಮಾತ್ರ ಕೂತಿದೆ, ಬೇರೇನೂ ಇಲ್ಲ.

ಒಂದೊಂದು ಗುಟುಕು ಕುಡಿದು ನೋಡಿ. ನಾಲ್ಕನೇದು ಕುಡಿಯಲಾಗದಷ್ಟು ಸಿಹಿ, ಗಂಟಲು ಕಟ್ಟುತ್ತದೆ. ಈಗ ಅದಕ್ಕೆ ಒಂದು ನಿಂಬೆಹಣ್ಣಿನ ರಸ ಪೂರ್ತಿ ಹಿಂಡಿ. ಅಷ್ಟೇ ಸಕ್ಕರೆ, ಒಂದು ಗ್ರಾಂ ಕಮ್ಮಿಯಾಗಿಲ್ಲ, ಆದರೂ ಪಾನಕದಂತೆ ಇಳಿಯುತ್ತದೆ. ಮೂರನೆಯದಕ್ಕೆ ಹಾಲು ಹಾಕದ ಕಡು ಚಹಾ ಎರಡು ಚಮಚ ಹಾಕಿ. ಈಗ ಸಿಹಿ ನಾಲಿಗೆಯ ಮೇಲೆ ಹರಡದೆ ಒಂದು ಕಡೆ ಹಿಡಿದು ನಿಲ್ಲುತ್ತದೆ. ಹುಳಿ ಸಿಹಿಯನ್ನು ಕತ್ತರಿಸುತ್ತದೆ, ಒಗರು ಸಿಹಿಯನ್ನು ಹಿಡಿಯುತ್ತದೆ.

ದ್ರಾಕ್ಷಿಯಲ್ಲಿ ಹುಳಿಯೂ ಒಗರೂ ತಾವಾಗಿಯೇ ಧಾರಾಳವಾಗಿವೆ, ಹುಳಿ ತಿರುಳಿನ ರಸದಿಂದ, ಒಗರು ಸಿಪ್ಪೆ ಬೀಜದಿಂದ ಬರುತ್ತದೆ. ಜೇನಿನಲ್ಲಿ ಹುಳಿ ಇದೆ, ಸಕ್ಕರೆಯ ಹಿಂದೆ ಅಡಗಿರುತ್ತದೆ. ಒಗರು ಮಾತ್ರ ಬಹಳ ಕಮ್ಮಿ. ಹಾಗಾಗಿ ಒಳ್ಳೆ ಮೀಡ್ ಮಾಡುವವರ ಕಷ್ಟವೆಲ್ಲ ಇಲ್ಲೇ: ಅಷ್ಟು ಸಿಹಿಯನ್ನು ಯಾವುದರಿಂದ ಎತ್ತಿ ನಿಲ್ಲಿಸುವುದು? ಓಕ್ ಪೀಪಾಯಿಯಿಂದಲೋ, ಹಣ್ಣಿನಿಂದಲೋ, ಜೇನಿನದ್ದೇ ಕಹಿಯಿಂದಲೋ. ಗ್ಲಾಸ್ ಕೈಗೆ ಬಂದಾಗ ಎಷ್ಟು ಸಿಹಿ ಅನ್ನುವುದಕ್ಕಿಂತ ಮೊದಲು ಈ ಸಿಹಿಯನ್ನು ಹಿಡಿದಿರುವುದು ಏನು ಅಂತ ಕೇಳಿಕೊಳ್ಳಿ.

ಹೆಜ್ಜೆ 4: ಮೊದಲು ಜೇನನ್ನೇ ನೆಕ್ಕಿ

ಜೇನಿನ ಸಂಜೆ ಮಾಡುವವರು ಮೀಡ್ ಜೊತೆ ಅದೇ ಹೂವಿನ ಜೇನಿನ ಪುಟ್ಟ ಬಾಟಲಿಯನ್ನೂ ತನ್ನಿ. ಚಮಚದ ತುದಿಯಲ್ಲಿ ಒಂದು ಹನಿ ನಾಲಿಗೆ ಮೇಲೆ ಇಟ್ಟು ಕಣ್ಣು ಮುಚ್ಚಿ. ನೀರು ಕುಡಿಯಿರಿ. ಹದಿನೈದು ನಿಮಿಷ ಬಿಡಿ. ಆಮೇಲೆ ಮೀಡ್.

ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತುಡುವೆ ಜೇನು, ಹೆಜ್ಜೇನು, ಮಿಸ್ರಿ ಜೇನು ಒಂದೇ ರುಚಿ ಅಂತ ಶಿರಸಿ ಕಡೆ ಯಾರಿಗಾದರೂ ಹೇಳಿ ನೋಡಿ, ನಿಮ್ಮನ್ನು ಪಾಪ ಅನ್ನುವ ಹಾಗೆ ನೋಡುತ್ತಾರೆ. ಮಿಸ್ರಿ ತೆಳು, ಹುಳಿ. ಯಾವ ಕಾಲದಲ್ಲಿ ಕಿತ್ತದ್ದು ಅನ್ನುವುದರ ಮೇಲೆ ಕಹಿಯೂ ಬರುತ್ತದೆ. ಈ ನಾಲಿಗೆ ಇಟ್ಟುಕೊಂಡು ಬಂದವರಿಗೆ ಪೋಲೆಂಡಿನ ಜೇನು ಕಷ್ಟವಲ್ಲ, ಹೂವಿನ ಹೆಸರು ಮಾತ್ರ ಹೊಸದು.

ಬಕ್‌ವೀಟ್ ಜೇನನ್ನೇ ತಗೊಳ್ಳಿ. ಬಣ್ಣ ಕಪ್ಪು ಕಾಫಿ. ಮೂಗಿಗೆ ಹಿಡಿದರೆ ಕೊಟ್ಟಿಗೆ ಪಕ್ಕದ ಒಣಹುಲ್ಲು. ಇದೇನಪ್ಪಾ ಅನಿಸುತ್ತದೆ. ನಾಲಿಗೆಗೆ ಬಿದ್ದ ಕೂಡಲೇ ಜೋನಿ ಬೆಲ್ಲ, ತಳ ಹಿಡಿಯುವ ಸ್ವಲ್ಪ ಮೊದಲು ಇಳಿಸಿದ ಜೋನಿ ಬೆಲ್ಲ. ಅದರ ಮೀಡನ್ನು ಮೊದಲ ಸಲ ಸುರಿದಾಗ ಪಕ್ಕದಲ್ಲಿದ್ದ ಶಿವಮೊಗ್ಗದ ಹುಡುಗ ಗ್ಲಾಸಿಗೆ ಮೂಗು ಹಾಕಿ, "ಅಕ್ಕಾ, ಇದು ಆಲೆಮನೆ ಅಲ್ವಾ!" ಅಂದ. ನಿಜ, ಆಲೆಮನೆಯೇ. ಕೊಪ್ಪರಿಗೆ ಹಬೆ, ಒದ್ದೆ ಹುಲ್ಲು, ಹೊಗೆ ಎಲ್ಲ ಇತ್ತು. ಇಲ್ಲಿಯವರು ಅದನ್ನು ಮಾಲ್ಟ್ ಅನ್ನುತ್ತಾರೆ, ನಮಗೆ ಆ ಪದ ಯಾಕೆ ಬೇಕು?

ಲಿಂಡನ್ ಇದರ ತದ್ವಿರುದ್ಧ. ತೆಳು ಬಣ್ಣ, ಮೂಗಿಗೆ ತಂಪು, ಪುದೀನದ ಛಾಯೆ, ಕೊನೆಗೆ ಸಣ್ಣ ಕಹಿ. ಹೆದರ್ ಜೇನು ಡಬ್ಬಿಯಲ್ಲಿ ಜೆಲ್ಲಿಯಂತೆ ಗಟ್ಟಿಯಾಗಿ ಕೂತಿರುತ್ತದೆ, ಚಮಚದಲ್ಲಿ ಕಲಕಿದರೆ ನೀರಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಅದರ ಮೀಡ್‌ನಲ್ಲಿ ಒಣಗಿದ ಹೂವು, ಕಹಿ, ಚೂರು ಚೊಗರು. ಹೆದರ್‌ಗೆ ಒಗರು ಜಾಸ್ತಿ ಇರುವುದರಿಂದ ಸಿಹಿ ಚೆನ್ನಾಗಿ ನಿಲ್ಲುತ್ತದೆ, ಅದಕ್ಕೇ ನನಗೆ ಅದು ಮೊದಲು. ಬಕ್‌ವೀಟ್ ಇಷ್ಟಪಡುವವರು ಜಗಳಕ್ಕೆ ಬರಲಿ.

ಜೇನು ಮೊದಲು ನೆಕ್ಕುವುದರಿಂದ ಲಾಭ ಏನು ಅಂದರೆ, ಮೀಡ್‌ನಲ್ಲಿ ಜೇನಿನ ಯಾವ ಭಾಗ ಉಳಿದಿದೆ, ಯಾವುದು ಹೋಗಿದೆ ಅಂತ ಗೊತ್ತಾಗುತ್ತದೆ. ಸಕ್ಕರೆ ಹೋದ ಮೇಲೂ ಆ ಹೂವು ಮೂಗಿಗೆ ಸಿಕ್ಕಿದರೆ ಮಾಡಿದವರಿಗೆ ಕೈ ಇದೆ ಅಂತ ಅರ್ಥ.

ಹೆಜ್ಜೆ 5: ಗ್ಲಾಸು, ತಂಪು, ಅಳತೆ

ಹೊಟ್ಟೆ ಅಗಲ, ಬಾಯಿ ಕಿರಿದಾದ ವೈನ್ ಗ್ಲಾಸ್. ಎಲ್ಲ ಗ್ಲಾಸೂ ಒಂದೇ ಆಕಾರದ್ದಿರಲಿ, ಗ್ಲಾಸ್ ಬದಲಾದರೆ ವಾಸನೆ ಬದಲಾಗುತ್ತದೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣದು. ತೊಳೆದ ಸೋಪಿನ ವಾಸನೆ ಉಳಿದಿದೆಯಾ ಅಂತ ಮೂಸಿ ನೋಡಿ.

ಚ್ವುರ್ನ್ಯಾಕ್ 10ರಿಂದ 12 ಡಿಗ್ರಿ, ತ್ರುಯ್ನ್ಯಾಕ್ ಅದಕ್ಕಿಂತ ಸ್ವಲ್ಪ ಬೆಚ್ಚಗೆ, ದಪ್ಪನೆಯ ಎರಡು 16ರಿಂದ 18. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಘಮ ಮಲಗಿರುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೊರಗಿಟ್ಟರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಚಳಿಗಾಲದಲ್ಲಿ ಇಲ್ಲಿಯವರು ಲವಂಗ, ಚಕ್ಕೆ ಹಾಕಿ ಬಿಸಿ ಮಾಡಿ ಕುಡಿಯುತ್ತಾರೆ. ಮೈನಸ್ ಹತ್ತರಲ್ಲಿ ಕೈಯಲ್ಲಿ ಆ ಲೋಟ ಹಿಡಿದರೆ ಸ್ವರ್ಗ, ಆದರೆ ರುಚಿ ಹೋಲಿಸಲು ಅದು ಬೇಡ.

ಅಳತೆ ಒಂದಕ್ಕೆ 30 ಮಿಲಿ, ಅದಕ್ಕಿಂತ ಜಾಸ್ತಿ ಬೇಡ. ಆರು ಬಗೆ ಅಂದರೂ 180 ಮಿಲಿ ಆಯಿತು. ಸರಾಸರಿ 14 ಶೇಕಡ ಅಂದುಕೊಂಡರೆ ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್, ಸಿಹಿಯ ಮರೆಯಲ್ಲಿ ಗೊತ್ತೇ ಆಗದೆ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ಪಕ್ಕ ಉಗಿಯಲು ಒಂದು ಖಾಲಿ ಕಪ್ ಇಡಿ. ಎಲೆ ಅಡಿಕೆ ಉಗಿಯುವ ನಾಡಿನವರು ನಾಚಿಕೊಳ್ಳುವುದೇನು. ಗಾಡಿ ಓಡಿಸುವವರು ಪೂರ್ತಿ ಉಗಿಯಬೇಕು, ಇನ್ನೂ ಒಳ್ಳೆಯದು ಅಂದರೆ ಗಾಡಿಯನ್ನೇ ತರಬಾರದು. ಭಾರತದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಕೇಸು, ಪೋಲೆಂಡಿನಲ್ಲಿ ಮಿತಿ ಇನ್ನೂ ಬಿಗಿ.

ಮಧ್ಯೆ ನಾಲಿಗೆ ತೊಳೆಯಲು ಮಾಮೂಲಿ ನೀರು, ಉಪ್ಪು ಹಾಕದ ಮಂಡಕ್ಕಿ. ಬ್ರೆಡ್ಡಿಗಿಂತ ಮಂಡಕ್ಕಿ ವಾಸಿ, ಅದಕ್ಕೆ ತನ್ನದೇ ಸಿಹಿ ಕಮ್ಮಿ.

ಹೆಜ್ಜೆ 6: ಸಾಲು

ಒಣದಿಂದ, ಅಂದರೆ ಸಿಹಿ ಕಮ್ಮಿ ಇರುವುದರಿಂದ, ಸಿಹಿಗೆ. ತೆಳುವಿನಿಂದ ದಪ್ಪಕ್ಕೆ. ಸಾದಾದಿಂದ ಮಸಾಲೆಗೆ. ಒಂದೇ ಪಾಲಿನವಾದರೆ ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ, ಅಂದರೆ ಲಿಂಡನ್, ಹೆದರ್, ಕೊನೆಗೆ ಬಕ್‌ವೀಟ್. ಮುಗಿದ ಮೇಲೆ ಒಮ್ಮೆ ಹಿಮ್ಮುಖವಾಗಿಯೂ ಬನ್ನಿ. ಪುವ್ತೊರಾಕ್ ಆದಮೇಲೆ ಚ್ವುರ್ನ್ಯಾಕ್ ಹೇಗೆ ಹುಳಿ ನೀರಾಗುತ್ತದೆ ಅಂತ ನೋಡಲು. ನಾನು ಸಿಂಕಿಗೆ ಸುರಿದು ಕಲಿತದ್ದನ್ನು ನೀವು ಒಂದು ಗುಟುಕಿನಲ್ಲಿ ಕಲಿಯಬಹುದು.

ಹೆಜ್ಜೆ 7: ಈಗ ಗ್ಲಾಸ್ ಎತ್ತಿ

ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡಿ. ತಿಳಿಯಾಗಿದೆಯಾ, ಮಬ್ಬಾಗಿದೆಯಾ. ಗ್ಲಾಸ್ ಓರೆ ಮಾಡಿ ನೆಟ್ಟಗೆ ಮಾಡಿದರೆ ಒಳಗೋಡೆಯಲ್ಲಿ ಎಷ್ಟು ನಿಧಾನ ಇಳಿಯುತ್ತದೆ ನೋಡಿ. ಪುವ್ತೊರಾಕ್ ಎಣ್ಣೆಯಂತೆ ಇಳಿಯುತ್ತದೆ. ಇದಕ್ಕೆ ಹತ್ತು ಸೆಕೆಂಡ್ ಸಾಕು.

ಮೂಗು ಮಾತ್ರ ನಿಧಾನ. ಗ್ಲಾಸ್ ಅಲುಗಿಸದೆ ಒಮ್ಮೆ ಮೂಸಿ. ಆಮೇಲೆ ಗರಗರ ಸುತ್ತಿಸಿ ಇನ್ನೊಮ್ಮೆ. ದೀರ್ಘ ಉಸಿರು ಎಳೆಯಬೇಡಿ, ನಾಯಿ ಮೂಸಿದ ಹಾಗೆ ಸಣ್ಣ ಸಣ್ಣದಾಗಿ. ಮೊದಲ ಸಲ ಮೂಗಿಗೆ ಬಂದದ್ದನ್ನು ಯಾರಿಗೂ ಹೇಳದೆ ಬರೆದಿಡಿ. ಒಬ್ಬರು "ಏಲಕ್ಕಿ" ಅಂದುಬಿಟ್ಟರೆ ಮುಗಿಯಿತು, ಮಿಕ್ಕ ಎಲ್ಲರ ಗ್ಲಾಸಿನಲ್ಲೂ ಏಲಕ್ಕಿ ಬರುತ್ತದೆ.

ಆಮೇಲೆ ಅರ್ಧ ಚಮಚದಷ್ಟು ಬಾಯಿಗೆ. ನುಂಗಬೇಡಿ. ನಾಲಿಗೆ ಪೂರ್ತಿ ಹರಡಿ, ತುಟಿ ಸ್ವಲ್ಪ ತೆರೆದು ಸೊರ್ ಅಂತ ಗಾಳಿ ಎಳೆಯಿರಿ. ಬಿಸಿ ಸಾರು ಸೊರ್ ಅನ್ನಿಸುವವರಿಗೆ ಅಭ್ಯಾಸ ಇದ್ದೇ ಇರುತ್ತದೆ. ಸಿಹಿ ಕೂಡಲೇ ಬರುತ್ತದೆ, ಅದನ್ನು ಬಿಡಿ, ಅದು ಎಲ್ಲಿಗೂ ಹೋಗಲ್ಲ. ಮೂರು ಎಣಿಸಿ. ಈಗ ಕೆನ್ನೆಯ ಒಳಗೆ ನೀರೂರಿದರೆ ಹುಳಿ. ಒಸಡು, ನಾಲಿಗೆ ಒಣಗಿ ಹಿಡಿದ ಹಾಗಾದರೆ ಒಗರು. ಎದೆಗೆ ಬೆಚ್ಚಗೆ ಬಂದರೆ ಆಲ್ಕೋಹಾಲ್, ಗಂಟಲು ಉರಿದರೆ ಅದೂ ಆಲ್ಕೋಹಾಲೇ, ಆದರೆ ಇನ್ನೂ ಹಸಿ. ಉಗಿದ ಮೇಲೆ ಗಡಿಯಾರ ನೋಡಿ. ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ಉಳಿದದ್ದು ಬರೀ ಸಕ್ಕರೆಯಾ, ಹೂವಾ?

ಪದಗಳಿಗೆ ಪರದಾಡಬೇಡಿ. ವೈನ್ ಪುಸ್ತಕದ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಬಾಯಿಪಾಠ ಮಾಡಿ ಬಂದವರನ್ನು ನೋಡಿದ್ದೇನೆ, ಅವರು ಆ ಹಣ್ಣನ್ನೇ ತಿಂದಿರುವುದಿಲ್ಲ. ನಮ್ಮ ನಾಲಿಗೆಗೆ ಪದ ಕಮ್ಮಿಯೇ? ಒಗರು, ಚೊಗರು, ಕಮಟು, ಮುಗ್ಗಲು, ಸೀದದ್ದು, ಹಸಿ ವಾಸನೆ, ಘಾಟು. ಅಪ್ಪೆಹುಳಿಯ ಹುಳಿ ಬೇರೆ, ಮುರುಗಲಿನ ಹುಳಿ ಬೇರೆ, ಮಜ್ಜಿಗೆ ಹುಳಿ ಬೇರೆ. ಚ್ವುರ್ನ್ಯಾಕ್ ಬಗ್ಗೆ ನನ್ನ ಪುಸ್ತಕದಲ್ಲಿ ಇರುವುದು ಇಷ್ಟೇ: "ತಿಳಿ ಚಿನ್ನ. ಮಳೆ ಬಂದ ಮಾರನೇ ದಿನದ ಮಾವಿನ ಹೂ. ಮುರುಗಲಿನಂಥ ಹುಳಿ, ಹಿಂದೆ ಬಾಳೆಕಾಯಿ ಒಗರು. ಬೇಗ ಹೋಗುತ್ತೆ." ಎರಡು ವರ್ಷದ ನಂತರ ಓದಿದರೂ ಆ ಗ್ಲಾಸ್ ನೆನಪಾಗುತ್ತದೆ.

ಅಂಕ ಕೊಡುವುದು? ಬಿಯರ್, ಮೀಡ್ ಸ್ಪರ್ಧೆಗಳಿಗೆ ತೀರ್ಪುಗಾರರನ್ನು ತಯಾರು ಮಾಡುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50, ಅದರಲ್ಲಿ ರುಚಿಗೆ 24, ವಾಸನೆಗೆ 10, ನೋಟಕ್ಕೆ 6, ಒಟ್ಟಾರೆ ಅನಿಸಿಕೆಗೆ 10. ಸ್ಪರ್ಧೆಗೆ ಸರಿ. ಮನೆಯಲ್ಲಿ ಅಂಕ ಬರೆಯಲು ಕೂತರೆ ಎಲ್ಲರೂ 35 ಕೊಟ್ಟು ಸುಮ್ಮನಾಗುತ್ತಾರೆ. ಬದಲಿಗೆ ಸಾಲಾಗಿ ನಿಲ್ಲಿಸಿ: ಇವತ್ತು ಒಂದೇ ಬಾಟಲಿ ಕೊಳ್ಳಲು ದುಡ್ಡಿದ್ದರೆ ಯಾವುದು, ಆಮೇಲೆ ಯಾವುದು.

ಹೆಜ್ಜೆ 8: ಮೂರು ಗ್ಲಾಸಿನ ಆಟ

ನಿಮಗೆ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತಿದೆಯಾ, ಅಥವಾ ಲೇಬಲ್ ನೋಡಿ ಹೇಳುತ್ತಿದ್ದೀರಾ? ಮನೆಯವರಿಗೆ ಹೇಳಿ ಮೂರು ಗ್ಲಾಸ್ ಸುರಿಸಿ. ಎರಡರಲ್ಲಿ ಒಂದೇ ಮೀಡ್, ಇನ್ನೊಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಆಗುತ್ತದೆ, ಹಾಗಾಗಿ ಒಂದೇ ಸಲ ಗೆದ್ದು ಮೀಸೆ ತಿರುವಬೇಡಿ. ಐದಾರು ಸಲ ಮಾಡಿ.

ಕುದಿಸಿದ ತ್ರುಯ್ನ್ಯಾಕ್, ಕುದಿಸದ ತ್ರುಯ್ನ್ಯಾಕ್ ಇಟ್ಟು ಈ ಆಟ ಆಡಿದೆವು. ನಾನು ಆರರಲ್ಲಿ ಮೂರು. ಮೀಡ್ ಮುಟ್ಟದ ನಮ್ಮ ಅತ್ತೆ, ಬರೀ ಮೂಸಿಯೇ, ಆರಕ್ಕೆ ಐದು. "ಒಂದರಲ್ಲಿ ಬೆಲ್ಲ ಕಾಸಿದ್ದಾರೆ, ಇನ್ನೊಂದರಲ್ಲಿ ಇಲ್ಲ, ಅಷ್ಟೇ ಅಲ್ವಾ?" ಅಂದರು. ಅಷ್ಟೇ.

ಕೆಟ್ಟದ್ದನ್ನು ಗುರುತಿಸುವುದು

ಜೇನಿನಲ್ಲಿ ಯೀಸ್ಟಿಗೆ ಬೇಕಾದ ನೈಟ್ರೋಜನ್ ಬಹಳ ಕಮ್ಮಿ. ಸಕ್ಕರೆ ಬೇಕಾದಷ್ಟಿದೆ, ಪೋಷಣೆ ಇಲ್ಲ. ಬರೀ ಅನ್ನ ತಿನ್ನಿಸಿ ಗದ್ದೆಗೆ ಕಳಿಸಿದ ಹಾಗೆ. ಯೀಸ್ಟ್ ಒದ್ದಾಡಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸ್ವಲ್ಪವೇ ಇದ್ದರೆ ಗ್ಲಾಸ್ ಸುತ್ತಿಸಿ ಹತ್ತು ನಿಮಿಷ ಬಿಟ್ಟರೆ ಹೋಗಬಹುದು. ಬೆಚ್ಚಗಿನ ಜಾಗದಲ್ಲಿ ಅವಸರದಲ್ಲಿ ಹುದುಗು ಬರಿಸಿದ್ದರೆ ಗಂಟಲು ಉರಿಯುತ್ತದೆ, ಇದಕ್ಕೆ ಕಾಲವೇ ಮದ್ದು. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ, ವಿನೆಗರ್ ಘಾಟು ಬಂದರೆ ಅದು ವಾಪಸ್ ಬರಲ್ಲ. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಾಗಿದೆ. ಆದರೆ ಹಳೆಯ ದ್ವುಯ್ನ್ಯಾಕ್‌ನಲ್ಲಿ ಗೋಡಂಬಿ, ಒಣ ಖರ್ಜೂರದ ವಾಸನೆ ಬಂದರೆ ಗಾಬರಿ ಬೇಡ, ಅದೂ ಗಾಳಿಯ ಕೆಲಸವೇ, ನಿಧಾನಕ್ಕೆ ಆದರೆ ಚೆನ್ನಾಗಿರುತ್ತದೆ.

ಮೂರನೇ ಸಂಜೆಗೆ

ಸೇಬಿನ ರಸದ ಮೀಡ್ ಸೈಸರ್, ದ್ರಾಕ್ಷಿಯದ್ದು ಪಿಮೆಂಟ್, ಉಳಿದ ಹಣ್ಣಿನದ್ದಕ್ಕೆ ಮೆಲೊಮೆಲ್, ಮಸಾಲೆ ಸೊಪ್ಪಿನದ್ದಕ್ಕೆ ಮೆಥೆಗ್ಲಿನ್, ಬಾರ್ಲಿ ಮಾಲ್ಟ್ ಸೇರಿದರೆ ಬ್ರಾಗಟ್. ಹೆಸರು ಮರೆತರೂ ನಷ್ಟವಿಲ್ಲ. ಹಣ್ಣಿನದ್ದಾದರೆ ಒಂದೇ ನೋಡಿ: ಹಣ್ಣು ತೆಗೆದರೆ ಕೆಳಗೆ ಜೇನು ಇದೆಯಾ?

ಬೊಷೆ ಸಿಕ್ಕಿದರೆ ಬಿಡಬೇಡಿ. ಜೇನನ್ನು ಕಪ್ಪಾಗುವವರೆಗೆ ಕಾಸಿ ಆಮೇಲೆ ಹುದುಗು ಬರಿಸುವುದು, 14ನೇ ಶತಮಾನದ ಪ್ಯಾರಿಸ್‌ನಲ್ಲೇ ಬರೆದಿಟ್ಟ ವಿಧಾನ. ಪಾಕ ಕೈತಪ್ಪಿದ ಚಿಕ್ಕಿಯ ರುಚಿ, ಒಳ್ಳೆ ಅರ್ಥದಲ್ಲಿ. ಇಥಿಯೋಪಿಯಾದ ತೇಜ್ ಇನ್ನೊಂದು ಲೋಕ. ಗೇಶೊ ಎಂಬ ಗಿಡದ ಎಲೆ, ಕಡ್ಡಿ ಹಾಕಿ ಮಾಡುತ್ತಾರೆ, ಬಿಯರಿಗೆ ಹಾಪ್ಸ್ ಕೊಡುವ ಕಹಿಯನ್ನು ಅಲ್ಲಿ ಅದು ಕೊಡುತ್ತದೆ. ಉರುಟು ಹೊಟ್ಟೆ, ಉದ್ದ ಕುತ್ತಿಗೆಯ ಬೆರೆಲೆ ಎಂಬ ಗಾಜಿನ ಹೂಜಿಯಲ್ಲಿ ಕೊಡುತ್ತಾರೆ. ಸಿಹಿಯನ್ನು ಕಹಿಯಿಂದ ಹಿಡಿಯುವುದು ಹೇಗೆ ಅಂತ ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗದು.

ಜೊತೆಗೆ ತಿನ್ನಲು ಏನು ಅಂತ ಕೇಳುತ್ತಾರೆ. ಹೋಲಿಸುವಾಗ ಏನೂ ಬೇಡ, ಮುಗಿದ ಮೇಲೆ ಉಪ್ಪು, ಕೊಬ್ಬು ಇರುವುದು. ಇಲ್ಲಿಯ ತಾತ್ರಾ ಬೆಟ್ಟದ ಹೊಗೆ ಹಾಕಿದ ಕುರಿ ಚೀಸ್ ಒಸ್ತ್ಸಿಪೆಕ್‌ಗೆ ಬಕ್‌ವೀಟ್ ಮೀಡ್ ಭರ್ಜರಿ. ನಮ್ಮ ಹಲಸಿನ ಹಪ್ಪಳಕ್ಕೆ ತ್ರುಯ್ನ್ಯಾಕ್. ಧಾರವಾಡ ಪೇಡ ಜೊತೆ ಪುವ್ತೊರಾಕ್ ಕೊಟ್ಟು ನೋಡಿದ್ದೇನೆ, ಇಬ್ಬರೂ ಸೋತರು.

ಉಳಿದದ್ದು ಏನು ಮಾಡುವುದು

ತೆರೆದ ಚ್ವುರ್ನ್ಯಾಕ್ ಫ್ರಿಜ್‌ನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಿ. ದಪ್ಪನೆಯವು ಸಕ್ಕರೆ, ಆಲ್ಕೋಹಾಲ್ ಎರಡರ ಬಲದಿಂದ ಇನ್ನೂ ಬಹಳ ದಿನ ತಡೆಯುತ್ತವೆ. ಬಾಟಲಿ ಅರ್ಧಕ್ಕಿಂತ ಖಾಲಿಯಾದರೆ ಸಣ್ಣ ಬಾಟಲಿಗೆ ಬಗ್ಗಿಸಿಡಿ, ಗಾಳಿ ಕಮ್ಮಿ ಆಗಲಿ.

ಗ್ಲಾಸುಗಳನ್ನು ಮಾತ್ರ ಆ ರಾತ್ರಿ ತೊಳೆಯಬೇಡಿ. ಯಾವ ಗ್ಲಾಸ್ ಯಾವುದರದ್ದು ಅಂತ ಚೀಟಿ ಅಂಟಿಸಿ ಹಾಗೇ ಬಿಡಿ. ಬೆಳಗ್ಗೆ ಆಲ್ಕೋಹಾಲ್ ಹಾರಿಹೋಗಿ ತಳದಲ್ಲಿ ಅಂಟು ಮಾತ್ರ ಉಳಿದಿರುತ್ತದೆ. ಕಾಫಿಗೆ ಮೊದಲು ಒಂದೊಂದಾಗಿ ಮೂಸಿ. ರಾತ್ರಿ ಗುರುತು ಸಿಗದ ಲಿಂಡನ್ ಬೆಳಗ್ಗೆ ಎದ್ದು ಕೂತಿರುತ್ತದೆ, ಬಕ್‌ವೀಟ್ ಗ್ಲಾಸಿನಲ್ಲಿ ಆಲೆಮನೆ ಇನ್ನೂ ಹೊಗೆಯಾಡುತ್ತಿರುತ್ತದೆ. ಊರಿನಲ್ಲಿ ಮಾಡುವವರು ಗ್ಲಾಸುಗಳನ್ನು ನೀರು ಹಾಕಿದ ತಟ್ಟೆಯಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ನಿಮಗಿಂತ ಮೊದಲು ಇರುವೆಗಳು ರುಚಿ ನೋಡಿ ಮುಗಿಸಿರುತ್ತವೆ.